ಹುಬ್ಬಳ್ಳಿ – ಮಂಗಳೂರು: ವಾಯುಮಾರ್ಗದ ಅಂತರ ಮತ್ತು ಪ್ರಯಾಣದ ಅವಧಿ

ಹುಬ್ಬಳ್ಳಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಣ ನೇರ ವಾಯು ಅಂತರವು ಸುಮಾರು 266 ಕಿ.ಮೀ. ಆಗಿರುತ್ತದೆ. ವಿಮಾನಯಾನದಲ್ಲಿ ಬಳಸುವ ಅಳತೆಯಲ್ಲಿ ಇದು 144 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.). ನಿಲ್ದಾಣಗಳೆರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿರುವುದರಿಂದ ಮಾರ್ಗವು ಬಹುತೇಕ ಉತ್ತರ-ದಕ್ಷಿಣವಾಗಿದೆ. ಆದರೆ ಈ ಅಂತರವೊಂದನ್ನೇ ಆಧರಿಸಿ ಸಂದರ್ಶನ, ನ್ಯಾಯಾಲಯದ ಹಾಜರಾತಿ ಅಥವಾ ಆಸ್ಪತ್ರೆಯ ಭೇಟಿಗೆ ವೇಳೆ ಗೊತ್ತುಪಡಿಸಿಕೊಳ್ಳುವುದು ಸೂಕ್ತವಲ್ಲ.

ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್ ಮಾದರಿಯ ವಿಮಾನಕ್ಕೆ ಲೆಕ್ಕದ ಪ್ರಕಾರ ಅರ್ಧ ಗಂಟೆ ಸಾಕು. ಮೇಲೇರುವಾಗ ಮತ್ತು ಕೆಳಗಿಳಿಯುವಾಗ ವೇಗ ಕಡಿಮೆ. ನೆಲದ ಮೇಲಿನ ಚಲನೆಗೂ ಸಮಯ ತಗಲುತ್ತದೆ. ಆದುದರಿಂದ ಇಷ್ಟು ಅಂತರದ ನೇರ ಹಾರಾಟಕ್ಕೆ ಸುಮಾರು ಒಂದು ಗಂಟೆ ಎಂದು ಎಣಿಸತಕ್ಕದ್ದು. ಹೊರಡುವ ಮುನ್ನ ಎರಡು ಗಂಟೆ ಮುಂಚಿತವಾಗಿ ನಿಲ್ದಾಣ ತಲುಪುವುದು, ಇಳಿದ ನಂತರ ಸಾಮಾನು ಪಡೆಯುವುದು ಮತ್ತು ಬಜ್ಪೆಯಿಂದ ನಗರಕ್ಕೆ ಬರುವುದು ಸೇರಿದರೆ ಮನೆಯಿಂದ ಮನೆಗೆ ನಾಲ್ಕೂವರೆ ಗಂಟೆಯಾಗುತ್ತದೆ.

ನೇರ ವಿಮಾನ ಸೌಲಭ್ಯವಿಲ್ಲದ ದಿನಗಳಲ್ಲಿ ಬೆಂಗಳೂರಿನ ಮೂಲಕ ಹೋಗಬೇಕಾಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 370 ಕಿ.ಮೀ., ಅಲ್ಲಿಂದ ಮಂಗಳೂರಿಗೆ ಸುಮಾರು 305 ಕಿ.ಮೀ.; ಒಟ್ಟು 675 ಕಿ.ಮೀ., ಅಂದರೆ ನೇರ ಅಂತರದ ಎರಡೂವರೆ ಪಟ್ಟು. ಎರಡು ಹಾರಾಟಗಳು ಹಾಗೂ ನಡುವಿನ ಕಾಯುವಿಕೆ ಸೇರಿ ಇಡೀ ಪ್ರಯಾಣಕ್ಕೆ ಏಳೆಂಟು ಗಂಟೆ ಹಿಡಿಯಬಹುದು. ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕುಂದಾಪುರದ ಮೂಲಕ ಸಾಗುವ 350 ಕಿ.ಮೀ.ಗೂ ಅಧಿಕವಾದ ರಸ್ತೆ ಪ್ರಯಾಣಕ್ಕೂ ಹೆಚ್ಚುಕಡಿಮೆ ಇಷ್ಟೇ ಕಾಲ ಬೇಕು. ಸುತ್ತುಬಳಸಿನ ವಿಮಾನ ಪ್ರಯಾಣದಿಂದ ಆಯಾಸ ಕಡಿಮೆಯಾಗಬಹುದೇ ಹೊರತು ಸಮಯದ ಉಳಿತಾಯವನ್ನು ನಿರೀಕ್ಷಿಸುವಂತಿಲ್ಲ.

ಬೆಂಗಳೂರಿನ ಮೂಲಕ ಹೋಗುವವರು ಎರಡೂ ಹಾರಾಟಗಳನ್ನು ಒಂದೇ ಟಿಕೆಟ್‌ನಲ್ಲಿ ಕಾಯ್ದಿರಿಸುವುದು ಕ್ಷೇಮ. ಬೇರೆ ಬೇರೆ ಟಿಕೆಟ್‌ಗಳಿದ್ದಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ನಷ್ಟವು ಸಾಮಾನ್ಯವಾಗಿ ಪ್ರಯಾಣಿಕರ ಪಾಲಿಗೇ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ವಿಶೇಷ ಎಚ್ಚರ ಅಗತ್ಯ. ಮಂಗಳೂರಿನ ರನ್‌ವೇ ಗುಡ್ಡವನ್ನು ಸಮತಟ್ಟುಗೊಳಿಸಿ ನಿರ್ಮಿಸಿದ್ದು, ಸುತ್ತಲೂ ಇಳಿಜಾರಿದೆ. ಭಾರಿ ಮಳೆಯಿಂದಾಗಿ ರನ್‌ವೇ ಸ್ಪಷ್ಟವಾಗಿ ಕಾಣದಿದ್ದರೆ ವಿಮಾನವನ್ನು ಬೆಂಗಳೂರು ಮುಂತಾದ ಕಡೆಗೆ ತಿರುಗಿಸಲಾಗುತ್ತದೆ. ಮಾರನೆಯ ದಿನ ಬೆಳಿಗ್ಗೆ ಹಾಜರಾಗಲೇಬೇಕಾದ ಕೆಲಸವಿದ್ದವರು ಹಿಂದಿನ ದಿನದ ಕೊನೆಯ ವಿಮಾನವನ್ನು ನೆಚ್ಚಿಕೊಳ್ಳದೆ ಅದಕ್ಕೂ ಮುಂಚಿನದನ್ನು ಆರಿಸಿಕೊಳ್ಳುವುದು ಲೇಸು.

ವೇಳಾಪಟ್ಟಿಯು ಋತುಮಾನಕ್ಕೆ ತಕ್ಕಂತೆ ಬದಲಾಗುವುದರಿಂದ ಟಿಕೆಟ್ ಪಡೆಯುವ ಮುನ್ನ ಸಂಬಂಧಪಟ್ಟ ವಿಮಾನಯಾನ ಸಂಸ್ಥೆಯಲ್ಲಿ ವಿಚಾರಿಸತಕ್ಕದ್ದು. ನಿಲ್ದಾಣದ ಪ್ರವೇಶದ್ವಾರದಲ್ಲಿ ಟಿಕೆಟ್‌ನೊಂದಿಗೆ ಭಾವಚಿತ್ರವಿರುವ ಮೂಲ ಗುರುತಿನ ಚೀಟಿಯನ್ನು ತೋರಿಸಬೇಕು.