ಸಮಾಧಾನಕರ ಬಹುಮಾನದ ಚರಿತ್ರೆ: ಆನ್‌ಲೈನ್ ನಾಮಕರಣ ಸ್ಪರ್ಧೆಗಳು, 2006–2018

ಹೆಸರು ಸೂಚಿಸಿ ಎಂದು ಜನರನ್ನು ಕೇಳಿ ಪೇಚಿಗೆ ಸಿಕ್ಕಿಕೊಂಡ ಸಂಸ್ಥೆಗಳ ಪ್ರಸಂಗಗಳನ್ನು ಪತ್ರಿಕೆಗಳು ಸಾಮಾನ್ಯವಾಗಿ ಅಂತರ್ಜಾಲದ ಪೋಕರಿತನದ ಉದಾಹರಣೆಗಳಾಗಿಯೇ ವರದಿ ಮಾಡಿವೆ. ಅವುಗಳನ್ನು ಕಾಲಾನುಕ್ರಮದಲ್ಲಿ ಓದಿದಾಗ ಬೇರೊಂದು ಎಳೆ ಕಾಣುತ್ತದೆ. ಮತ ಹಾಕಿದವರ ತುಂಟತನ ಅಷ್ಟೂ ವರ್ಷ ಹೆಚ್ಚುಕಡಿಮೆ ಒಂದೇ ಬಗೆಯದು; ಗೆದ್ದ ಹೆಸರನ್ನು ಪಕ್ಕಕ್ಕೆ ಸರಿಸುವ ಉಪಾಯಗಳು ಮಾತ್ರ ಬೆಳೆಯುತ್ತ ಹೋದವು.

ಇದಕ್ಕೊಂದು ಪೂರ್ವರಂಗವಿದೆ. 1998ರಲ್ಲಿ ಅಮೆರಿಕದ ‘ಪೀಪಲ್’ ಪತ್ರಿಕೆ ಅತ್ಯಂತ ಸುಂದರ ವ್ಯಕ್ತಿ ಯಾರೆಂದು ತನ್ನ ತಾಣದಲ್ಲಿ ಕೇಳಿತ್ತು. ಪಟ್ಟಿಯಲ್ಲಿ ಇಲ್ಲದವರ ಹೆಸರನ್ನೂ ಬರೆದು ಸೇರಿಸಲು ಅವಕಾಶವಿತ್ತು. ಹವರ್ಡ್ ಸ್ಟರ್ನ್ ಅವರ ರೇಡಿಯೊ ಕಾರ್ಯಕ್ರಮದಲ್ಲಿ ಕುಡುಕನ ವೇಷಕ್ಕೆ ಹೆಸರಾಗಿದ್ದ ಹಾಸ್ಯಗಾರ ಹ್ಯಾಂಕ್ ಎರಡು ಲಕ್ಷಕ್ಕೂ ಹೆಚ್ಚು ಮತ ಪಡೆದು, ‘ಟೈಟಾನಿಕ್’ ಖ್ಯಾತಿಯ ಲಿಯೊನಾರ್ಡೊ ಡಿಕಾಪ್ರಿಯೊನನ್ನು ಹಿಂದೆ ಹಾಕಿದ. ಬರೆದು ಸೇರಿಸಲು ಬಿಟ್ಟ ಖಾಲಿ ಜಾಗ, ದೊಡ್ಡ ಶ್ರೋತೃವರ್ಗವುಳ್ಳ ಒಬ್ಬ ನಿರೂಪಕ, ಮತದಾರ ಯಾರೆಂದು ಪರೀಕ್ಷಿಸದ ವ್ಯವಸ್ಥೆ: ಮುಂದಿನ ಪ್ರಕರಣಗಳಲ್ಲೂ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ.

2006ರಲ್ಲಿ ಹಂಗೆರಿ ಸರ್ಕಾರ ಬುಡಾಪೆಸ್ಟ್‌ನ ಉತ್ತರಕ್ಕೆ ಡ್ಯಾನ್ಯೂಬ್ ನದಿಯ ಮೇಲೆ ಕಟ್ಟುತ್ತಿದ್ದ ಸೇತುವೆಗೆ ಹೆಸರು ಕೇಳಿತು. ಮೊದಲು ಮುಂದೆ ಬಂದದ್ದು ಹಾಲಿವುಡ್ ನಟ ಚಕ್ ನಾರಿಸ್. ಅಷ್ಟರಲ್ಲಿ ಅಮೆರಿಕದ ಟಿವಿ ವಿಡಂಬನಕಾರ ಸ್ಟೀಫನ್ ಕೋಲ್ಬೇರ್ ತನ್ನ ಹೆಸರಿಗೆ ಮತ ಹಾಕುವಂತೆ ವೀಕ್ಷಕರನ್ನು ಹುರಿದುಂಬಿಸಿದ. ಬಂದ ಮತ 1.7 ಕೋಟಿ. ಹಂಗೆರಿಯ ಜನಸಂಖ್ಯೆಯೇ ಆಗ ಸುಮಾರು 1 ಕೋಟಿ! ಆ ದೇಶದ ರಾಯಭಾರಿ ಆಂಡ್ರಾಶ್ ಶಿಮೋನಿ ಕೋಲ್ಬೇರ್‌ನ ಕಾರ್ಯಕ್ರಮಕ್ಕೇ ಬಂದು, ಸೇತುವೆಗೆ ಹೆಸರಾಗಬೇಕಾದವರು ಹಂಗೆರಿಯನ್ ಭಾಷೆ ಬಲ್ಲವರಾಗಿರಬೇಕು, ಜೊತೆಗೆ ತೀರಿಕೊಂಡಿರಬೇಕು ಎಂದು ನಗುತ್ತಲೇ ನಿಯಮ ತಿಳಿಸಿದರು. ಮತ ಎಣಿಸಿದ ಮೇಲೆ ಹೇಳಿದ ನಿಯಮ! ಸೇತುವೆಗೆ ಕೊನೆಗೆ ಎರಡು ದಡಗಳ ಬಡಾವಣೆಗಳಿಗೂ ಸಲ್ಲುವ ‘ಮೆಗ್ಯೇರಿ’ ಎಂಬ ಹೆಸರು ಬಂತು.

ಸೋಲನ್ನೇ ಬಂಡವಾಳ ಮಾಡಿಕೊಂಡದ್ದು ಗ್ರೀನ್‌ಪೀಸ್. 2007ರಲ್ಲಿ ಒಂದು ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಅದು ಮುಂದಿಟ್ಟ ಗಂಭೀರ ಹೆಸರುಗಳನ್ನೆಲ್ಲ ತಳ್ಳಿ ‘ಮಿಸ್ಟರ್ ಸ್ಪ್ಲಾಷಿ ಪ್ಯಾಂಟ್ಸ್’ ಶೇ. 78 ಮತ ಗಳಿಸಿತು. ಸಂಸ್ಥೆ ಅದನ್ನು ಒಪ್ಪಿ ಪ್ರಚಾರಕ್ಕೂ ಬಳಸಿತು. ಅದೇ ಡಿಸೆಂಬರ್‌ನಲ್ಲಿ ಜಪಾನ್ ಆ ಋತುವಿನ ಹಂಪ್‌ಬ್ಯಾಕ್ ಬೇಟೆಯನ್ನು ಕೈಬಿಟ್ಟದ್ದಕ್ಕೆ ಈ ಹೆಸರೇ ಕಾರಣವೆಂದು ಕೆಲವರು ಬರೆದಿದ್ದಾರೆ. ಅದು ಅತಿಯಾಯಿತು, ಜಪಾನಿನ ಮೇಲೆ ಇತರ ದೇಶಗಳ ರಾಜತಾಂತ್ರಿಕ ಒತ್ತಡವಿತ್ತು.

ನನ್ನ ದೃಷ್ಟಿಯಲ್ಲಿ ತಿರುವು ಬಂದದ್ದು 2009ರಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ‘ನೋಡ್ 3’ ಘಟಕಕ್ಕೆ ನಾಸಾ ಹೆಸರು ಕೇಳಿದಾಗ ಕೋಲ್ಬೇರ್ ಮತ್ತೆ ಕಣಕ್ಕಿಳಿದ. ಅವನಿಗೆ 2,30,539 ಮತ. ನಾಸಾ ತಾನೇ ಸೂಚಿಸಿದ್ದ ‘ಸೆರೆನಿಟಿ’ ಸುಮಾರು 40,000 ಮತ ಹಿಂದೆ. ಅಂತಿಮ ಆಯ್ಕೆ ತನ್ನದೆಂದು ನಾಸಾ ಮೊದಲೇ ಷರತ್ತು ಹಾಕಿತ್ತು. ಅಪೊಲೊ 11 ಚಂದ್ರನ ಮೇಲೆ ಇಳಿದ ಜಾಗವನ್ನು ನೆನಪಿಸುವ ‘ಟ್ರ್ಯಾಂಕ್ವಿಲಿಟಿ’ ಎಂಬ ಹೆಸರನ್ನು ಅದು ಆರಿಸಿಕೊಂಡಿತು. ಗಗನಯಾತ್ರಿಗಳ ವ್ಯಾಯಾಮದ ಟ್ರೆಡ್‌ಮಿಲ್‌ಗೆ ಮಾತ್ರ, ಅದರ ತಾಂತ್ರಿಕ ಹೆಸರಿನ ಮೊದಲಕ್ಷರಗಳು ಕೂಡಿ ‘ಕೋಲ್ಬೇರ್’ ಆಗುವಂತೆ ಹೊಂದಿಸಿತು. ಅದನ್ನು ಅವನ ಕಾರ್ಯಕ್ರಮದಲ್ಲೇ ಪ್ರಕಟಿಸಿದವರು ಸುನಿತಾ ವಿಲಿಯಮ್ಸ್. ಗೆದ್ದವನಿಗೆ ಸಮಾಧಾನಕರ ಬಹುಮಾನ ಕೊಡುವ ಪದ್ಧತಿ ಇಲ್ಲಿ ಬೇರೂರಿತು.

2016ರಲ್ಲಿ ಬ್ರಿಟನ್ನಿನ ನೈಸರ್ಗಿಕ ಪರಿಸರ ಸಂಶೋಧನಾ ಮಂಡಳಿ ಇದೇ ದಾರಿ ಹಿಡಿಯಿತು. 20 ಕೋಟಿ ಪೌಂಡ್ ವೆಚ್ಚದ ಧ್ರುವ ಸಂಶೋಧನಾ ಹಡಗಿಗೆ ‘ಬೋಟಿ ಮ್ಯಾಕ್‌ಬೋಟ್‌ಫೇಸ್’ 1,24,109 ಮತ ಗಳಿಸಿತು. ಅದರ ಹತ್ತನೇ ಒಂದು ಪಾಲು ಮತವನ್ನೂ ಪಡೆಯದ ‘ಸರ್ ಡೇವಿಡ್ ಅಟೆನ್‌ಬರೊ’ ಹೆಸರು ಹಡಗಿಗೆ ಬಂತು. ಅಟೆನ್‌ಬರೊ ಅವರಿಗೆ 90 ತುಂಬಲು ಆಗ ಎರಡು ದಿನ ಬಾಕಿ. ಆಕ್ಷೇಪಿಸಲು ಯಾರಿಗೂ ಬಾಯಿ ಬರದಂಥ ಆಯ್ಕೆ. ‘ಬೋಟಿ’ ಹೆಸರು ಹಡಗಿನ ಚಾಲಕರಹಿತ ಜಲಾಂತರ್ಗಾಮಿ ಯಂತ್ರಕ್ಕೆ ಹೋಯಿತು. ಈ ಪ್ರಸಂಗದ ಬಗ್ಗೆ ಸಂಸತ್ತಿನ ವಿಜ್ಞಾನ ಮತ್ತು ತಂತ್ರಜ್ಞಾನ ಸಮಿತಿಯೂ ವಿಚಾರಿಸಿತು. ಮರುವರ್ಷ ಆ ಯಂತ್ರ ಅಂಟಾರ್ಕ್ಟಿಕಾದ ಬಳಿಯ ಆಳದ ನೀರಿನ ಹರಿವು, ಉಷ್ಣತೆಗಳನ್ನು ಅಳೆಯಲು ಇಳಿದಾಗ, ಸಾಗರವಿಜ್ಞಾನದ ಒಂದು ಸಾಮಾನ್ಯ ಯಾತ್ರೆಗೆ ಸಿಗದಷ್ಟು ಪ್ರಚಾರ ಸಿಕ್ಕಿತು. ಇದರಿಂದ ಮಂಡಳಿಗೆ ನಷ್ಟವಾಯಿತೆಂದು ವಾದಿಸುವುದು ಕಷ್ಟ.

ಹೀಗೆ ನಗೆಗೆ ಬೆಲೆ ಇದೆಯೆಂದು ಗೊತ್ತಾದ ಮೇಲೆ ನಡೆದದ್ದು ಸಿಡ್ನಿಯ ಪ್ರಕರಣ. 2017ರ ನವೆಂಬರ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಸಾರಿಗೆ ಸಚಿವ ಆ್ಯಂಡ್ರ್ಯೂ ಕಾನ್‌ಸ್ಟನ್ಸ್ ಹೊಸ ದೋಣಿಯೊಂದಕ್ಕೆ ‘ಫೆರಿ ಮ್ಯಾಕ್‌ಫೆರಿಫೇಸ್’ ಎಂದು ಹೆಸರಿಟ್ಟು, ಅದು ಜನರ ಆಯ್ಕೆ ಎಂದು ಸಾರಿದರು. ಆ ಹೆಸರಿಗೆ ಬಂದಿದ್ದದ್ದು 200ಕ್ಕೂ ಕಡಿಮೆ ಮತ ಎಂಬುದು 2018ರ ಆರಂಭದಲ್ಲಿ ದಾಖಲೆಗಳಿಂದ ಹೊರಬಿತ್ತು. ಜನ ಹೆಚ್ಚು ಮೆಚ್ಚಿದ್ದು ಕಸ ತೆರವಿನ ಚಳವಳಿ ಕಟ್ಟಿದ ಇಯಾನ್ ಕಿಯರ್ನನ್ ಅವರ ಹೆಸರನ್ನು. ಜನ ಗಂಭೀರವಾಗಿ ಮತ ಹಾಕಿದ್ದರು, ತಮಾಷೆ ಸರ್ಕಾರದ್ದಾಗಿತ್ತು. ದೋಣಿಯ ಹೆಸರನ್ನು ಮಕ್ಕಳ ಸಾಹಿತಿ ‘ಮೇ ಗಿಬ್ಸ್’ ಎಂದು ಬದಲಿಸಲಾಯಿತು. ಈ ಸಲವೂ ಕಿಯರ್ನನ್ ಹೆಸರು ಬರಲಿಲ್ಲ.