ಕಾರಿಗೆ ಟರ್ಬೋ ಆರಿಸುವ ಮುನ್ನ ಗಾಳಿಯ ಲೆಕ್ಕ

'ಮುನ್ನೂರು ಹಾರ್ಸ್‌ಪವರ್ ಬರಬೇಕು, ಯಾವ ಟರ್ಬೋ ಹಾಕಿಸೋಣ?' ರೇಸು, ರ‍್ಯಾಲಿಯ ಹುಚ್ಚು ಹತ್ತಿದವರು ಗ್ಯಾರೇಜಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ ಇದು. ಉತ್ತರವಾಗಿ ಸಿಗುವುದು ಒಂದು ಕಂಪನಿಯ ಹೆಸರು, ಒಂದು ನಂಬರು. 'ಇನ್ನೊಬ್ಬರ ಕಾರಿಗೆ ಇದನ್ನೇ ಹಾಕಿದ್ದೇವೆ, ರಾಕೆಟ್ ಥರ ಹೋಗುತ್ತೆ' ಎಂಬ ಸರ್ಟಿಫಿಕೇಟು ಬೇರೆ. ಹೀಗೆ ಕೇಳಿಕೊಂಡು ಕೊಂಡ ಟರ್ಬೋ ಒಳ್ಳೆಯ ಎಂಜಿನ್ನನ್ನು ಒಂದೇ ದಿನದಲ್ಲಿ ಗುಜರಿಗೆ ಕಳಿಸಬಲ್ಲದು. ಟರ್ಬೋ ಆರಿಸುವುದು ಹೆಸರು ನೋಡಿ ಅಲ್ಲ, ಎಂಜಿನ್ನಿಗೆ ಎಷ್ಟು ಗಾಳಿ ಬೇಕು ಎಂಬ ಲೆಕ್ಕ ನೋಡಿ.

ಲಾರಿಗಳ ಮೇಲೆ 'ಟರ್ಬೋ' ಎಂದು ಬರೆದದ್ದನ್ನು ನೋಡದವರಿಲ್ಲ. ಅದರ ಕೆಲಸ ಸರಳ. ಎಂಜಿನ್ನಿನಿಂದ ಸೈಲೆನ್ಸರಿನತ್ತ ಹೋಗುವ ಬಿಸಿ ಹೊಗೆ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟು ಪೆಟ್ರೋಲು ಹೆಚ್ಚು ಉರಿಸಬಹುದು, ಶಕ್ತಿಯೂ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಮೂಲಕ.

ಈಗ ಲೆಕ್ಕಕ್ಕೆ ಬರೋಣ. ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಗುರಿ 6,500 ಆರ್‌ಪಿಎಂನಲ್ಲಿ 300 ಹಾರ್ಸ್‌ಪವರ್. ಟರ್ಬೋ ಇರುವ ಎಂಜಿನ್ ಪೂರ್ತಿ ಒತ್ತಿದಾಗ ಒಂದು ಹಾರ್ಸ್‌ಪವರಿಗೆ ಗಂಟೆಗೆ ಸುಮಾರು ಕಾಲು ಕೆಜಿ ಪೆಟ್ರೋಲು ಕುಡಿಯುತ್ತದೆ. ಅಂದರೆ ಗಂಟೆಗೆ 75 ಕೆಜಿ. ಒಂದು ಕೆಜಿ ಪೆಟ್ರೋಲಿಗೆ 12 ಕೆಜಿ ಗಾಳಿ ಎಂದಿಟ್ಟುಕೊಂಡರೆ ಗಂಟೆಗೆ 900 ಕೆಜಿ, ನಿಮಿಷಕ್ಕೆ 15 ಕೆಜಿ ಗಾಳಿ ಬೇಕು. ನಿಮಿಷಕ್ಕೆ ಒಂದು ಕೆಜಿ ಗಾಳಿಗೆ 20 ಹಾರ್ಸ್‌ಪವರ್ ಎಂದು ನೆನಪಿಟ್ಟುಕೊಂಡರೆ ಬಾಯಿಲೆಕ್ಕಕ್ಕೆ ಸಾಕು.

ಈ ಎಂಜಿನ್ ಎರಡು ಸುತ್ತಿಗೊಮ್ಮೆ ಎರಡು ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. 6,500 ಸುತ್ತಿಗೆ 6,500 ಲೀಟರ್. ಪೂರ್ತಿ ತುಂಬುವುದಿಲ್ಲವಾದ್ದರಿಂದ ನೂರಕ್ಕೆ 95 ಹಿಡಿದರೆ ಸುಮಾರು 6,175 ಲೀಟರ್. ಸಮುದ್ರ ಮಟ್ಟದ ಸಾಧಾರಣ ಸೆಕೆಯ ಗಾಳಿ ಅಷ್ಟಿದ್ದರೆ ಅದರ ತೂಕ ಏಳು ಕೆಜಿ ಚಿಲ್ಲರೆ, ಬೇಕಿರುವುದು 15. ಹಾಗಾಗಿ ಎಂಜಿನ್ನಿನ ಬಾಯಲ್ಲಿ ಗಾಳಿ ಎರಡು ಪಟ್ಟಿಗಿಂತ ಹೆಚ್ಚು ದಟ್ಟವಾಗಿರಬೇಕು. ಇಂಟರ್‌ಕೂಲರಿನಿಂದ 55 ಡಿಗ್ರಿಗೆ ಇಳಿದು ಬರುವ ಗಾಳಿಗೆ ಇದು ಸುಮಾರು 2.28 ಬಾರ್ ಒತ್ತಡವಾಗುತ್ತದೆ. ಇಂಟರ್‌ಕೂಲರ್, ಪೈಪುಗಳಲ್ಲಿ ಸೋರಿಹೋಗುವ ಒತ್ತಡ ಸೇರಿಸಿದರೆ ಕಂಪ್ರೆಸರ್ 2.42 ಬಾರ್ ಹುಟ್ಟಿಸಬೇಕು. ಒಳಬರುವಾಗ ಏರ್ ಫಿಲ್ಟರ್ ದಾಟಿದ ಗಾಳಿಯ ಒತ್ತಡ 0.94 ಬಾರ್. 2.42ನ್ನು 0.94ರಿಂದ ಭಾಗಿಸಿದರೆ ಸುಮಾರು 2.6. ಇದೇ ಒತ್ತಡದ ಅನುಪಾತ. ಟರ್ಬೋ ಅಂಗಡಿಗೆ ಹೋಗುವ ಮೊದಲು ಕೈಯಲ್ಲಿರಬೇಕಾದ ಎರಡು ಅಂಕಿಗಳೆಂದರೆ 15 ಕೆಜಿ ಮತ್ತು 2.6.

ಗಡಿನಾಡಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇಲಿನ ಲೆಕ್ಕ ಕಾಸರಗೋಡಿನಂಥ ಕಡಲ ತೀರಕ್ಕೆ ಸರಿ. ಹೊಸೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡವೇ 0.91 ಬಾರ್. ಅದೇ 300 ಹಾರ್ಸ್‌ಪವರಿಗೆ ಅನುಪಾತ 2.9ಕ್ಕೆ ಏರುತ್ತದೆ. ಉದಕಮಂಡಲ 2,240 ಮೀಟರ್, ಒತ್ತಡ 0.77 ಬಾರ್, ಅನುಪಾತ 3.5. ಅದೂ ಅಲ್ಲದೆ ಕಂಪನಿಗಳು ತಮ್ಮ ನಕ್ಷೆಯನ್ನು ಬರೆಯುವುದು ಕೆಳಮಟ್ಟದ ದಟ್ಟ ಗಾಳಿಗೆ. ತೆಳು ಗಾಳಿಯಲ್ಲಿ ಅದೇ 15 ಕೆಜಿಯನ್ನು ನಕ್ಷೆಯ ಮೇಲೆ 20 ಕೆಜಿಯ ಆಸುಪಾಸಿನಲ್ಲಿ ಗುರುತಿಸಬೇಕಾಗುತ್ತದೆ. ತೀರದಲ್ಲಿ ಹಾಯಾಗಿ ತಿರುಗುತ್ತಿದ್ದ ಟರ್ಬೋ ನೀಲಗಿರಿ ಏರಿದ ಮೇಲೆ ಅದೇ ಶಕ್ತಿ ಕೊಡಲು ಹೋಗಿ ಮಿತಿಮೀರಿದ ವೇಗದಲ್ಲಿ ಸುತ್ತಿ ಒಡೆಯಬಹುದು. ಈ ಶಾಫ್ಟುಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೇಲೆ ಸುತ್ತುವಂಥವು. ಒಡೆದರೆ ಚೂರು ಎಂಜಿನ್ನಿನೊಳಗೇ ಹೋಗುವ ಸಂಭವವಿದೆ. ಘಟ್ಟದ ಮೇಲೆ ಕಾರು ಓಡಿಸುವವರು ಒಂದೋ ಬೂಸ್ಟ್ ಕಡಿಮೆ ಮಾಡಿ ಅಷ್ಟು ಶಕ್ತಿಯನ್ನು ಬಿಟ್ಟುಕೊಡಬೇಕು, ಇಲ್ಲವೇ ಒಂದು ಸೈಜು ದೊಡ್ಡ ಕಂಪ್ರೆಸರ್ ನೋಡಬೇಕು.

ನಕ್ಷೆ ಎಂದದ್ದು ಕಂಪ್ರೆಸರ್ ಮ್ಯಾಪ್. ಕೆಳಗಿನ ಗೆರೆಯಲ್ಲಿ ಗಾಳಿಯ ಪ್ರಮಾಣ, ಎಡಗಡೆ ಮೇಲಕ್ಕೆ ಒತ್ತಡದ ಅನುಪಾತ, ನಡುವೆ ಮರದ ಕಾಂಡದ ಉಂಗುರಗಳಂತೆ ದಕ್ಷತೆಯ ವಲಯಗಳು. ಎಡ ಅಂಚು ಸರ್ಜ್ ಗೆರೆ. ಅದನ್ನು ದಾಟಿದರೆ ಒತ್ತಿದ ಗಾಳಿ ಹಿಂದಕ್ಕೆ ನುಗ್ಗಿ ಟರ್ಬೋ ಬಡಬಡಿಸುತ್ತದೆ, ಬೇರಿಂಗು ಬೇಗ ಹಾಳಾಗುತ್ತದೆ. ಬಲ ಅಂಚು ಚೋಕ್. ಅಲ್ಲಿಂದಾಚೆ ಎಷ್ಟು ವೇಗವಾಗಿ ತಿರುಗಿದರೂ ಗಾಳಿ ಹೆಚ್ಚುವುದಿಲ್ಲ, ಬಿಸಿ ಮಾತ್ರ ಹೆಚ್ಚುತ್ತದೆ. ಬಿಸಿಯ ವಿಷಯ ಸಣ್ಣದಲ್ಲ. 35 ಡಿಗ್ರಿಯ ಗಾಳಿಯನ್ನು 2.6 ಅನುಪಾತಕ್ಕೆ ಒತ್ತಿದಾಗ, ದಕ್ಷತೆ ಶೇ. 72 ಇದ್ದರೆ ಅದು 170 ಡಿಗ್ರಿ ಹತ್ತಿರಕ್ಕೆ ಏರುತ್ತದೆ, ಶೇ. 60 ಇದ್ದರೆ 195ರ ಹತ್ತಿರಕ್ಕೆ. ನಮ್ಮ ಬಿಂದು ನಡುವಿನ ಉಂಗುರಗಳ ಬಳಿ ಬೀಳುವ ಟರ್ಬೋವನ್ನೇ ಆರಿಸಬೇಕು ಎನ್ನುವುದು ಇದಕ್ಕೇ. ಒಂದೇ ಬಿಂದು ಸಾಲದು. 3,000, 4,000, 5,000 ಆರ್‌ಪಿಎಂಗಳಿಗೂ ಲೆಕ್ಕ ಹಾಕಿ ಗುರುತು ಮಾಡಬೇಕು. ಮ್ಯಾಪ್ ತೋರಿಸಲಾರದ ಟರ್ಬೋ ಎಷ್ಟೇ ಅಗ್ಗವಾಗಿದ್ದರೂ ಬೇಡ.

ದೊಡ್ಡದಿದ್ದರೆ ಒಳ್ಳೆಯದಲ್ಲವೇ, ಮುಂದೆ ಬೇಕಾದರೆ ಶಕ್ತಿ ಹೆಚ್ಚಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಗ್ಯಾರೆಟ್ ಕಂಪನಿಯ ಜಿಟಿ2860ಆರ್‌ಎಸ್ ಸುಮಾರು 360 ಹಾರ್ಸ್‌ಪವರ್‌ವರೆಗಿನ ಎಂಜಿನ್ನಿಗೆ. ಅದೇ ಕಂಪನಿಯ ಜಿಟಿ3582ಆರ್ 400ರಿಂದ ಮೇಲಿನದಕ್ಕೆ. 300ರ ಗುರಿಗೆ ಎರಡನೆಯದನ್ನು ಕೂರಿಸಿದರೆ ಎರಡು ಲೀಟರಿನ ಹೊಗೆಗೆ ಆ ಭಾರದ ಚಕ್ರಗಳನ್ನು ಬೇಗ ತಿರುಗಿಸಲಾಗದು. ಕಾಲು ಒತ್ತಿದ ಮೇಲೆ ಬೂಸ್ಟ್ ಬರುವಷ್ಟರಲ್ಲಿ ತಿರುವು ಮುಗಿದಿರುತ್ತದೆ. ಇದನ್ನೇ ಲ್ಯಾಗ್ ಎನ್ನುವುದು. 1973ರ ಬಿಎಂಡಬ್ಲ್ಯು 2002 ಟರ್ಬೋ ಇದಕ್ಕೇ ಹೆಸರಾಗಿತ್ತು. ತಾಳವಾಡಿಗೆ ಹೋಗುವ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಕಂಡವರಿಗೆ, ಅಂಥ ದಾರಿಗೆ ಐದು ಸಾವಿರ ಸುತ್ತಿನಲ್ಲಿ ಎಚ್ಚರಾಗುವ ಟರ್ಬೋ ಎಷ್ಟು ನಿರುಪಯೋಗಿ ಎಂದು ಬಿಡಿಸಿ ಹೇಳಬೇಕಿಲ್ಲ.

ಟರ್ಬೈನ್ ಕಡೆಯಲ್ಲೂ ಆಯ್ಕೆ ಇದೆ. ಅದರ ಕವಚದ ಮೇಲೆ 0.64, 0.86 ಎಂಬಂತೆ ಎ/ಆರ್ ಅಂಕಿ ಇರುತ್ತದೆ. ಚಿಕ್ಕ ಅಂಕಿಯದು ಬೇಗ ಎಚ್ಚರಾಗುತ್ತದೆ, ಮೇಲಿನ ವೇಗದಲ್ಲಿ ಹೊಗೆಗೆ ದಾರಿ ಸಾಲದೆ ಎಂಜಿನ್ ಉಸಿರು ಕಟ್ಟುತ್ತದೆ, ದೊಡ್ಡದು ತದ್ವಿರುದ್ಧ. ಎರಡೂ ಬೇಕೆನ್ನುವವರಿಗೆ ಟ್ವಿನ್ ಸ್ಕ್ರೋಲ್ ಉಂಟು. ನಾಲ್ಕು ಸಿಲಿಂಡರುಗಳಲ್ಲಿ 1 ಮತ್ತು 4ರ ಹೊಗೆ ಒಂದು ದಾರಿಯಲ್ಲಿ, 2 ಮತ್ತು 3ರದ್ದು ಇನ್ನೊಂದರಲ್ಲಿ ಬರುವುದರಿಂದ ಒಂದರ ಒತ್ತಡ ಮತ್ತೊಂದಕ್ಕೆ ಅಡ್ಡಿಯಾಗುವುದಿಲ್ಲ. ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ 1996ರ ನಾಲ್ಕನೇ ಆವೃತ್ತಿಯಿಂದ ಇದನ್ನು ಬಳಸಿತು. ಆದರೆ ಮ್ಯಾನಿಫೋಲ್ಡ್ ಕೂಡ ಹಾಗೆಯೇ ಎರಡು ಪಾಲಾಗಿರಬೇಕು. ಹಳೆಯ ಮ್ಯಾನಿಫೋಲ್ಡಿಗೆ ಟ್ವಿನ್ ಸ್ಕ್ರೋಲ್ ತಗುಲಿಸಿದರೆ ದುಡ್ಡು ದಂಡ.

ಗುಜರಿಯಲ್ಲಿ ಸಿಗುವ ಡೀಸೆಲ್ ಟರ್ಬೋವನ್ನು ಪೆಟ್ರೋಲ್ ಕಾರಿಗೆ ಕೂರಿಸುವ ಸಲಹೆಯೂ ಬರುವುದುಂಟು. ಪೆಟ್ರೋಲ್ ಎಂಜಿನ್ನಿನ ಹೊಗೆ 950 ಡಿಗ್ರಿ ದಾಟಬಲ್ಲದು, ಡೀಸೆಲ್ಲಿನದು ಅದಕ್ಕಿಂತ ಎಷ್ಟೋ ಕಡಿಮೆ. ಡೀಸೆಲ್ ಟರ್ಬೋದ ಕವಚ, ಅದರಲ್ಲೂ ಒಳಗೆ ಸರಿದಾಡುವ ಎಲೆಗಳಿರುವ ವಿಜಿಟಿಗಳು, ಆ ಶಾಖಕ್ಕೆ ತಯಾರಾದವಲ್ಲ. ಪೋರ್ಷೆ 2006ರಲ್ಲಿ ತನ್ನ 911 ಟರ್ಬೋ ಪೆಟ್ರೋಲ್ ಕಾರಿಗೆ ಅಂಥ ಎಲೆಗಳನ್ನು ತಂದಾಗ, ಶಾಖ ತಡೆಯಲು ವಿಶೇಷ ಮಿಶ್ರಲೋಹ ಬಳಸಬೇಕಾಯಿತು.

ಇಷ್ಟೆಲ್ಲ ಸರಿಯಿದ್ದರೂ ಎಂಜಿನ್ ತಡೆಯಬೇಕಲ್ಲ. ಬೂಸ್ಟ್ ಹೆಚ್ಚಿದಂತೆ ಪೆಟ್ರೋಲು ಕಿಡಿಯ ಸಮಯ ಬಿಟ್ಟು ತಾನೇ ಸಿಡಿಯುವ ನಾಕಿಂಗ್ ಶುರುವಾಗುತ್ತದೆ. ಪಿಸ್ಟನ್ನಿಗೆ ತೂತು ಬೀಳುವುದು ಹೀಗೆ. ಮೊದಲು ಹೇಳಿದ ಜೆಟ್‌ಫೈರ್ ಎಡವಿದ್ದೂ ಇಲ್ಲೇ. ಅದರ ಕಂಪ್ರೆಷನ್ ಅನುಪಾತ 10.25. ನಾಕಿಂಗ್ ತಡೆಯಲು ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿಗೆ ಹಾಕಬೇಕಿತ್ತು. ಮಾಲೀಕರು ಮರೆಯುತ್ತಿದ್ದರು. ಕೊನೆಗೆ ಎಷ್ಟೋ ಕಾರುಗಳ ಟರ್ಬೋ ಕಿತ್ತು ಸಾಮಾನ್ಯ ಕಾರ್ಬ್ಯುರೇಟರ್ ಹಾಕಲಾಯಿತು, ಕಾರಿನ ತಯಾರಿ 1963ಕ್ಕೇ ಮುಗಿಯಿತು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಆಯ್ದ ಊರುಗಳಲ್ಲಿ 100 ಆಕ್ಟೇನ್ ಪೆಟ್ರೋಲು ತಂದಿತಾದರೂ ಹಳ್ಳಿಯ ಬಂಕಿನಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ದಿನವೂ ಸಿಗುವ ಪೆಟ್ರೋಲಿಗೇ ಬೂಸ್ಟ್ ಹೊಂದಿಸಬೇಕು. ಇಂಜೆಕ್ಟರು, ಇಂಧನ ಪಂಪು, ಇಸಿಯು ಟ್ಯೂನಿಂಗ್‌ಗೆ ಟರ್ಬೋದಷ್ಟೇ ಹಣ ತೆಗೆದಿಡಬೇಕಾದೀತು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಗಡಿಯ ಈಚೆ ಒಂದು, ಆಚೆ ಒಂದು ಎಂಬ ಲೆಕ್ಕ ಇಲ್ಲಿ ನಡೆಯದು, ಕಾಯ್ದೆ ಕೇಂದ್ರದ್ದು. ಇಂಥ ಕಾರು ಕೊಯಮತ್ತೂರಿನ ಕಾರಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಮುಂತಾದ ರೇಸ್ ಟ್ರ್ಯಾಕುಗಳಿಗೇ ಸೈ. ಅಲ್ಲಿಗೂ ಟ್ರಕ್ಕಿನ ಮೇಲೆ ಹೋಗುವುದು ಕ್ಷೇಮ.

ಹಳೆಯ ಟರ್ಬೋ ಕೊಳ್ಳುವವರು ಶಾಫ್ಟನ್ನು ಕೈಯಲ್ಲಿ ಹಿಡಿದು ನೋಡಬೇಕು. ಸಾದಾ ಬೇರಿಂಗಿನದು ಎಣ್ಣೆ ಇಲ್ಲದಾಗ ಪಕ್ಕಕ್ಕೆ ಅಲ್ಪ ಆಡುವುದು ಸಹಜ. ಹಿಂದೆ ಮುಂದೆ ಆಡುವುದು ಕೈಗೆ ತಿಳಿದರೆ, ಅಥವಾ ಚಕ್ರದ ತುದಿ ಕವಚಕ್ಕೆ ಉಜ್ಜಿದ ಗುರುತಿದ್ದರೆ ವಾಪಸ್ ಇಟ್ಟುಬಿಡಿ. ಕೂರಿಸುವಾಗ ಎಣ್ಣೆಯ ಪೈಪು ಹೊಸದಿರಲಿ. ಬಾಲ್ ಬೇರಿಂಗಿನ ಟರ್ಬೋಗೆ ಎಣ್ಣೆ ಮಿತಿಯಾಗಿ ಬರಲು ಸಣ್ಣ ರಂಧ್ರದ ರಿಸ್ಟ್ರಿಕ್ಟರ್ ಬೇಕಾಗಬಹುದು. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಒಳಗೆ ಎಣ್ಣೆ ಹನಿಸಿ, ಕಿಡಿ ಬಾರದಂತೆ ಮಾಡಿ, ಎಣ್ಣೆಯ ಒತ್ತಡ ತೋರಿಸುವವರೆಗೆ ಸೆಲ್ಫ್ ತಿರುಗಿಸಬೇಕು. ಆಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲೇ ಬಿಟ್ಟು, ಎಣ್ಣೆ ಎಲ್ಲಾದರೂ ಸೋರುತ್ತಿದೆಯೇ ಎಂದು ಬಗ್ಗಿ ನೋಡಬೇಕು.