ಅಧಿಕಾರದ ಸಮಾಜಶಾಸ್ತ್ರ: ಪಾಳೆಯಪಟ್ಟಿನಿಂದ ಪಂಚಾಯಿತಿಯವರೆಗೆ

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯನ್ನೂ ಅದರ ನೆರೆಯ ಶಿರಾ, ಕೊರಟಗೆರೆ, ಪಾವಗಡ ಸೀಮೆಗಳನ್ನೂ ಆಳಿದವರ ಪರಂಪರೆಯನ್ನು ಅವಲೋಕಿಸುವವರಿಗೆ, ರಾಜಕೀಯ ಅಧಿಕಾರವನ್ನು ಕುರಿತು ಸಮಾಜಶಾಸ್ತ್ರವು ರೂಪಿಸಿರುವ ಪರಿಕಲ್ಪನೆಗಳು ಕೇವಲ ಗ್ರಂಥಸ್ಥ ವಿಷಯಗಳಾಗಿ ತೋರದೆ, ಈ ನೆಲದ ಅನುಭವದಲ್ಲಿಯೇ ಒರೆಹಚ್ಚಿ ನೋಡಬಹುದಾದ ಸಿದ್ಧಾಂತಗಳಾಗಿ ಗೋಚರಿಸುತ್ತವೆ.

ಈ ಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿದವನು ಜರ್ಮನಿಯ ಮ್ಯಾಕ್ಸ್ ವೇಬರ್. ಅನ್ಯರ ವಿರೋಧವಿದ್ದರೂ ತನ್ನ ಇಚ್ಛೆಯನ್ನು ನೆರವೇರಿಸಿಕೊಳ್ಳಬಲ್ಲ ಸಾಧ್ಯತೆಯೇ ಬಲವೆಂದೂ, ಆಜ್ಞೆಯು ನ್ಯಾಯಸಮ್ಮತವೆಂಬ ನಂಬಿಕೆಯಿಂದ ಜನರು ಅದಕ್ಕೆ ವಿಧೇಯರಾದಾಗ ಆ ಬಲವು ಅಧಿಕಾರವಾಗುವುದೆಂದೂ ವಿವೇಚಿಸಿ, ಅಂತಹ ಅಧಿಕಾರವನ್ನು ಸಾಂಪ್ರದಾಯಿಕ, ವ್ಯಕ್ತಿಪ್ರಭಾವಜನ್ಯ, ಶಾಸನಬದ್ಧ ಎಂದು ಆತನು ಮೂರಾಗಿ ವಿಂಗಡಿಸಿದನು. ಮಧುಗಿರಿಯ ಪಾಳೆಯಗಾರರದು ವಂಶಪಾರಂಪರ್ಯದ ಸಾಂಪ್ರದಾಯಿಕ ಅಧಿಕಾರ. 1687ರಲ್ಲಿ ಶಿರಾವನ್ನು ಕೇಂದ್ರವಾಗಿಸಿಕೊಂಡ ಮೊಗಲ್ ಸುಬಾ ದೂರದ ಸಾರ್ವಭೌಮನ ಪ್ರತಿನಿಧಿಯ ಆಡಳಿತ. ಮೈಸೂರಿನ ಚಿಕ್ಕದೇವರಾಜ ಒಡೆಯರು ಸ್ಥಾಪಿಸಿದ ಅಠಾರಾ ಕಚೇರಿಯಲ್ಲಿಯಾದರೋ, ಅರಸನ ಸ್ವಂತ ಇಚ್ಛೆಯು ಇಲಾಖೆಗಳ ಕ್ರಮಕ್ಕೆ ಒಳಪಡತೊಡಗಿದ ಆರಂಭವನ್ನು ಕಾಣಬಹುದು.

ಆದರೆ ಈ ಮೂರು ಬಗೆಗಳೂ ಬೆರೆತೇ ಇರುವುವೆಂಬುದಕ್ಕೆ ಹಳ್ಳಿಯೇ ಸಾಕ್ಷಿ. 1908ರ ಮೈಸೂರು ಗ್ರಾಮಾಧಿಕಾರಗಳ ಕಾಯಿದೆಯು ಪಟೇಲ, ಶಾನುಭೋಗ ಮೊದಲಾದವರ ಆನುವಂಶಿಕ ಹಕ್ಕನ್ನೇ ಶಾಸನದ ಚೌಕಟ್ಟಿನೊಳಗೆ ತಂದಿತು. ಕಂದಾಯವನ್ನು ವಸೂಲುಮಾಡುತ್ತಿದ್ದವನು ಪಟೇಲ, ಲೆಕ್ಕದ ಪುಸ್ತಕವನ್ನು ಬಲ್ಲವನಾಗಿದ್ದವನು ಶಾನುಭೋಗ, ಕೆರೆಯ ತೂಬನ್ನು ತೆರೆದು ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರಗಂಟಿ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಯಾರ ಗದ್ದೆಗೆ ಮೊದಲು ನೀರು ಎಂಬ ಪ್ರಶ್ನೆಗಿಂತ ದೊಡ್ಡ ರಾಜಕೀಯ ಪ್ರಶ್ನೆ ರೈತನಿಗೆ ಬೇರೊಂದಿಲ್ಲ.

ಪಶ್ಚಿಮದಿಂದ ಬಂದ ಈ ವಿಚಾರಕ್ಕೆ ಕನ್ನಡದ ಮಣ್ಣಿನಿಂದಲೇ ಹೊಸ ಪರಿಕಲ್ಪನೆಯನ್ನು ಕೂಡಿಸಿದವರು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು. 1948ರಲ್ಲಿ ಮೈಸೂರಿನ ಸಮೀಪದ, ತಾವು ರಾಂಪುರವೆಂದು ಕರೆದ ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ನಡೆಸಿದ ಅವರು, 1955 ಮತ್ತು 1959ರ ಪ್ರಬಂಧಗಳಲ್ಲಿ 'ಪ್ರಬಲ ಜಾತಿ'ಯ ಸ್ವರೂಪವನ್ನು ನಿರೂಪಿಸಿದರು. ಸಂಖ್ಯಾಬಲ, ಭೂಮಿಯ ಒಡೆತನ, ಜಾತಿಶ್ರೇಣಿಯಲ್ಲಿ ತೀರ ಕೆಳಗಲ್ಲದ ಸ್ಥಾನ, ಆಧುನಿಕ ವಿದ್ಯೆ ಮತ್ತು ಉದ್ಯೋಗ ಇವು ಒಂದೆಡೆ ಸೇರಿದಲ್ಲಿ, ಯಾವ ಸರಕಾರಿ ಹುದ್ದೆಯ ಹಂಗೂ ಇಲ್ಲದೆ ಅಧಿಕಾರವು ನೆಲೆಗೊಳ್ಳುವುದೆಂಬ ಅವರ ಪ್ರತಿಪಾದನೆ ಇಂದಿಗೂ ಸತ್ತ್ವ ಕಳೆದುಕೊಂಡಿಲ್ಲ.

ಅನಂತರ ಶಾಸನವು ವೇಗವಾಗಿ ನಡೆಯಿತು. 1961ರ ಕಾಯಿದೆ ಆನುವಂಶಿಕ ಗ್ರಾಮಾಧಿಕಾರವನ್ನು ರದ್ದುಗೊಳಿಸಿತು. 1983ರ ಕಾಯಿದೆ, ಅಂದಿನ ಸಚಿವ ಅಬ್ದುಲ್ ನಜೀರ್ ಸಾಬರ ಶ್ರಮದ ಫಲವಾಗಿ, ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳನ್ನು ತಂದು ಮಹಿಳೆಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಿತು. 1993ರ ಪಂಚಾಯತ್ ರಾಜ್ ಕಾಯಿದೆ ಈಗಿನ ಗ್ರಾಮ ಪಂಚಾಯಿತಿಗಳಿಗೆ ಆಧಾರವಾಯಿತು. ಇತ್ತ ಸಮಾಜಶಾಸ್ತ್ರದಲ್ಲಿ ಸ್ಟೀವನ್ ಲ್ಯೂಕ್ಸ್ 1974ರಲ್ಲಿ, ಜನರ ಬಯಕೆಗಳನ್ನೇ ತಿದ್ದಿ ಕುಂದುಕೊರತೆಯು ದೂರಾಗಿ ಮೇಲೇಳದಂತೆ ತಡೆಯುವುದೇ ಬಲದ ಅತ್ಯಂತ ಗೂಢವಾದ ಮುಖವೆಂದು ವಾದಿಸಿದರು. ಗ್ರಾಮಸಭೆಯಲ್ಲಿ ಯಾರು ಮಾತನಾಡಿದರೆಂಬುದರ ಜೊತೆಗೆ, ಯಾವ ಮಾತು ಅಲ್ಲಿಗೆ ಬರಲೇ ಇಲ್ಲವೆಂಬುದನ್ನೂ ವಿಚಾರಿಸಬೇಕೆಂದು ಇದು ನಮಗೆ ಕಲಿಸುತ್ತದೆ.

ಶಾಸನವು ಅಧಿಕಾರದ ಪೀಠವನ್ನು ಬದಲಿಸಬಲ್ಲುದು. ಭೂಮಿ, ಜಾತಿ, ವಿದ್ಯೆಗಳ ಸಂಬಂಧವನ್ನು ಬದಲಿಸುವುದು ಜಾಗೃತ ಪ್ರಜೆಗಳಿಂದಲೇ ಆಗತಕ್ಕ ಕಾರ್ಯ. ನಮ್ಮ ಸೀಮೆಯ ವಿದ್ಯಾವಂತ ತರುಣ ತರುಣಿಯರು ಪಠ್ಯದ ವ್ಯಾಖ್ಯೆಗಳನ್ನು ಕಂಠಪಾಠ ಮಾಡಿ ತೃಪ್ತರಾಗದೆ, ತಮ್ಮ ತಮ್ಮ ಗ್ರಾಮಸಭೆಗಳಲ್ಲಿ ಕುಳಿತು, ಕಂಡುದನ್ನು ಕನ್ನಡದಲ್ಲಿ ಬರೆಯಲಿ. ಈ ಶಾಸ್ತ್ರದ ಮುಂದಿನ ಅಧ್ಯಾಯವು ಅಲ್ಲಿಂದಲೇ ಹುಟ್ಟಬೇಕು.